ಕೊಟ್ಟಿಗೆ ಪಕ್ಕದ ಪದ್ಮಿನಿ: ಮೊದಲು ನಿಲ್ಲಲಿ, ಆಮೇಲೆ ಓಡಲಿ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಜ್ಜ 1975ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು 2009ರಿಂದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಅಜ್ಜ ಈಗಿಲ್ಲ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಮನೆಯಲ್ಲೇ ನಿಧಾನಕ್ಕೆ ಸರಿ ಮಾಡುವ ಆಸೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಆಗುತ್ತದಾ ನೋಡಲಾ? ಅಥವಾ ಪೂರ್ತಿ ಬಿಚ್ಚಿ ಒಂದೊಂದೇ ಭಾಗ ಹೊಸದು ಮಾಡಲಾ? ಇನ್ನೊಂದು ವಿಷಯ. ಮೊದಲಿದ್ದ ಬಣ್ಣ ಬಿಳಿ ಅಂತ ಅಪ್ಪ, ತಿಳಿನೀಲಿ ಅಂತ ಅತ್ತೆ. ಈಗಿರುವುದು ಯಾವಾಗಲೋ ಹೊಡೆಸಿದ ಕಂದು. ನಿಜ ಯಾವುದು ಅಂತ ಪತ್ತೆ ಮಾಡುವುದು ಹೇಗೆ?

ಉತ್ತರ: ಎರಡೂ ಬೇಡ. ಸೆಲ್ಫ್ ಹೊಡೆಯಲೂ ಬೇಡಿ, ಪೂರ್ತಿ ಬಿಚ್ಚಲೂ ಬೇಡಿ. ಈ ಎರಡು ತಪ್ಪನ್ನೂ ನಾನು ಮಾಡಿದ್ದೇನೆ.

ನನ್ನ ಮೊದಲ ಫಿಯಟ್, ಅಂದರೆ ನಿಮ್ಮ ಪದ್ಮಿನಿಯ ಜಾತಿಯದೇ, ಹತ್ತು ವರ್ಷ ನಿಂತಿದ್ದ ಗಾಡಿ. ಹೊಸ ಬ್ಯಾಟರಿ ಹಾಕಿದೆ, ಕಾರ್ಬ್ಯುರೇಟರಿಗೆ ಸ್ವಲ್ಪ ಪೆಟ್ರೋಲ್ ಸುರಿದೆ, ಸೆಲ್ಫ್ ಹೊಡೆದೆ. ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಮನೆಯವರೆಲ್ಲ ಹೊರಗೆ ಬಂದರು. ಖುಷಿಯಲ್ಲಿ ಅಂಗಳದಲ್ಲೇ ಒಂದು ಸುತ್ತು ಹೊಡೆಯೋಣ ಅಂತ ಗೇರ್ ಹಾಕಿದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಗಾಡಿ ನಿಂತದ್ದು ಬಾವಿಕಟ್ಟೆಗೆ ಗುದ್ದಿದ ಮೇಲೆ. ವಾರದೊಳಗೆ ಎಂಜಿನ್ ನೀಲಿ ಹೊಗೆ ಉಗುಳಲು ಶುರು ಮಾಡಿತು. ಬಿಚ್ಚಿ ನೋಡಿದರೆ ಎರಡು ಪಿಸ್ಟನ್ ರಿಂಗ್ ತುಂಡಾಗಿದ್ದವು. ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿಕೊಂಡಿದ್ದ ರಿಂಗನ್ನು ಸೆಲ್ಫ್ ಮೋಟಾರ್ ಕಿತ್ತು ಎಳೆದಿತ್ತು. ಕೈಯಲ್ಲಿ ತಿರುಗಿಸಿದ್ದರೆ ಬಿಗಿ ಗೊತ್ತಾಗುತ್ತಿತ್ತು, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೋಟಾರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ಎರಡನೇ ಗಾಡಿಗೆ ಬುದ್ಧಿವಂತಿಕೆ ತೋರಿಸಲು ಹೋದೆ. ಎರಡೇ ಭಾನುವಾರದಲ್ಲಿ ಪೂರ್ತಿ ಬಿಚ್ಚಿ ಹಾಕಿದೆ. ಹದಿನಾಲ್ಕು ರಟ್ಟಿನ ಪೆಟ್ಟಿಗೆ ತುಂಬಿತು. ಆಮೇಲೆ ಮಗಳ ಪರೀಕ್ಷೆ, ಮನೆ ರಿಪೇರಿ, ಅದು ಇದು. ಆರು ವರ್ಷ ಬಿಟ್ಟು ಪೆಟ್ಟಿಗೆ ತೆಗೆದರೆ ಯಾವ ಬೋಲ್ಟ್ ಎಲ್ಲಿಯದು ಅನ್ನುವುದು ದೇವರಿಗೇ ಗೊತ್ತು. ಒಂದು ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿತ್ತು. ಕೊನೆಗೆ ಗಾಡಿಯನ್ನು ಪೆಟ್ಟಿಗೆ ಲೆಕ್ಕದಲ್ಲೇ ಮಾರಿದೆ. ಮನೆಯಲ್ಲಿ ಶುರುವಾದ ಎಷ್ಟೋ ಹಳೇ ಗಾಡಿಗಳ ಕಥೆ ಹೀಗೇ ಮುಗಿಯುವುದನ್ನು ನೋಡಿದ್ದೇನೆ. ತುಕ್ಕು ತಿಂದದ್ದಕ್ಕಿಂತ ಯಜಮಾನರೇ ಬಿಚ್ಚಿ ಕೊಂದದ್ದು ಜಾಸ್ತಿ.

ನಿಮ್ಮ ಲೆಕ್ಕವನ್ನೇ ನೋಡಿ. ತಿಂಗಳಿಗೆ ಎರಡು ಸಲ, ಒಂದು ಸಲಕ್ಕೆ ಎರಡು ದಿನ ಅಂದರೆ ವರ್ಷಕ್ಕೆ 48 ದಿನ. ಅದರಲ್ಲಿ ನಿಮ್ಮ ಕಡೆಯ ಮಳೆಗಾಲ, ಮದುವೆ ಮುಂಜಿ, ಅಡಿಕೆ ಕೊಯ್ಲು ಕಳೆಯಿರಿ. ಮೂವತ್ತು ದಿನ ಉಳಿದರೆ ಹೆಚ್ಚು. ಅದಕ್ಕೇ ಒಂದು ಸಲಕ್ಕೆ ಒಂದೇ ವ್ಯವಸ್ಥೆ ಹಿಡಿಯಿರಿ. ಬ್ರೇಕ್ ಅಂದರೆ ಬ್ರೇಕ್. ಅದು ಮುಗಿದು ಗಾಡಿ ಮತ್ತೆ ಪೂರ್ತಿಯಾದ ಮೇಲೆ ಮುಂದಿನದು. ನೀವು ಬೆಂಗಳೂರಿನ ಬಸ್ ಹತ್ತುವಾಗ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರಬೇಕು, ತಳ್ಳಿದರೆ ಉರುಳಬೇಕು.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ಹುಡುಕಿ. ಆರ್‌ಸಿ ಪುಸ್ತಕ ಇದೆಯಾ? ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಯಾವಾಗಲೋ ಮುಗಿದಿರುತ್ತದೆ, ತಡ ಮಾಡಿದ್ದಕ್ಕೆ ದಂಡವೂ ಬೀಳುತ್ತದೆ. ಅದಕ್ಕಿಂತ ಮುಂಚೆ ಅಜ್ಜನ ಹೆಸರಿನಿಂದ ಗಾಡಿ ವರ್ಗ ಆಗಬೇಕು. ಮಾಲೀಕರು ತೀರಿಕೊಂಡಾಗ ಅದಕ್ಕೆ ಫಾರಂ 31. ಅಪ್ಪ, ಅತ್ತೆ ಇಬ್ಬರೂ ವಾರಸುದಾರರು, ಇಬ್ಬರ ಒಪ್ಪಿಗೆಯೂ ಬೇಕು. ಬಣ್ಣದ ಜಗಳ ಮುಗಿಯುವ ಮೊದಲೇ ಸಹಿ ಹಾಕಿಸಿಕೊಳ್ಳಿ! ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿ ಕೇಳಬೇಕು.

1975ರ ಗಾಡಿಯಾದ್ದರಿಂದ ನಿಮಗೆ ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಗಾಡಿಯ ಮೂಲ ರೂಪ ಉಳಿದಿರಬೇಕು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ. ಅಜ್ಜನ ಗಾಡಿಯಲ್ಲಿ ತೀರ್ಥಹಳ್ಳಿ ಪೇಟೆಗೆ ಹೋಗಿ ತರಕಾರಿ ತರುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ಸರಿ. ಯಾವ ದಾರಿಯಾದರೂ ಎಂಜಿನ್ ನಂಬರು, ಚಾಸಿಸ್ ನಂಬರು ಓದುವಂತಿರಲಿ. ತುಕ್ಕು ಉಜ್ಜುವ ಭರದಲ್ಲಿ ಗ್ರೈಂಡರ್ ಹಿಡಿದು ಚಾಸಿಸ್ ನಂಬರನ್ನೇ ಅಳಿಸಿಕೊಂಡವರಿದ್ದಾರೆ.

ಈಗ ಶೆಡ್ಡಿಗೆ ಹೋಗೋಣ. ಬಾಗಿಲು ತೆಗೆಯುವ ಮುಂಚೆ ಕೋಲಿನಿಂದ ನಾಲ್ಕು ಸಲ ಬಡಿಯಿರಿ. ಇಲಿ ಇದ್ದಲ್ಲಿ ಹಾವೂ ಇರುತ್ತದೆ, ಮಲೆನಾಡಿನವರಿಗೆ ಹೇಳಬೇಕಾ? ಆಮೇಲೆ ಫೋನ್ ತೆಗೆದು ಎಲ್ಲ ಕಡೆಯಿಂದ ಫೋಟೋ ಹೊಡೆಯಿರಿ. ಬಾನೆಟ್ ಒಳಗೆ ಒಂದೊಂದು ಪೈಪು, ಒಂದೊಂದು ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಾಣಬೇಕು. ಆರು ತಿಂಗಳ ಮೇಲೆ ಆ ಫೋಟೋಗಳೇ ನಿಮ್ಮ ಗುರು.

ಕೊಟ್ಟಿಗೆ ಪಕ್ಕ ನಿಂತಿದೆ ಅಂದಿರಿ. ಅದು ಒಳ್ಳೆಯ ಸುದ್ದಿ ಅಲ್ಲ. ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ವೈರಿನ ತುದಿಗಳು, ಕಾರ್ಬ್ಯುರೇಟರಿನ ಜೆಟ್ಟುಗಳು (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಹಸಿರುಗಟ್ಟಿರಬಹುದು. ಡಿಕ್ಕಿಯಲ್ಲಿ ಯಾರಾದರೂ ಗೊಬ್ಬರದ ಮೂಟೆ ಇಟ್ಟಿದ್ದರಂತೂ ಅಲ್ಲಿನ ತಗಡು ಹೋಗಿದೆ ಅಂತಲೇ ಲೆಕ್ಕ. ನೆಲ ಮಣ್ಣಿನದಾದರೆ ತೇವ ಕೆಳಗಿನಿಂದ ಏರುತ್ತಲೇ ಇರುತ್ತದೆ. ಗಾಡಿಯನ್ನು ಸಿಮೆಂಟ್ ನೆಲಕ್ಕೆ ತನ್ನಿ, ಆಗದಿದ್ದರೆ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಮೇಲೆ ಟಾರ್ಪಾಲು ಬಿಗಿದು ಕಟ್ಟಬೇಡಿ, ಒಳಗೇ ಬೆವರುತ್ತದೆ.

ತರುವಾಗ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ್ದರೆ ಚಕ್ರದೊಳಗಿನ ಬ್ರೇಕ್ ಶೂ ತಾನು ಒತ್ತುವ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಚಕ್ರ ಎತ್ತಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಡಿಸಿ. ಗಾಡಿ ಎತ್ತುವ ಬಗ್ಗೆ ಒಂದು ಮಾತು, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಟ್ಟು ನಿಲ್ಲಿಸಬೇಡಿ, ಅವು ಹೇಳದೆ ಕೇಳದೆ ಸೀಳುತ್ತವೆ. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ಕೊಳ್ಳಿ. ಈ ಇಡೀ ಕೆಲಸದಲ್ಲಿ ಮೊದಲ ಖರ್ಚು ಅದೇ ಆಗಲಿ.

ಈ ಗಾಡಿ ಮನೆಯಲ್ಲೇ ಸರಿ ಆಗುತ್ತದಾ ಅನ್ನುವ ದೊಡ್ಡ ಪ್ರಶ್ನೆಗೆ ಗಾಡಿ ಎತ್ತುವಾಗಲೇ ಉತ್ತರ ಸಿಗುತ್ತದೆ. ಪದ್ಮಿನಿಗೆ ಜೀಪಿನ ಹಾಗೆ ಅಡಿಯಲ್ಲಿ ಬೇರೆ ಚಾಸಿಸ್ ಚೌಕಟ್ಟು ಇಲ್ಲ. ಬಾಡಿಯೇ ಬೆನ್ನೆಲುಬು. ನಿಮ್ಮ ಭಾರ, ಎಂಜಿನ್ ಭಾರ ಎಲ್ಲವನ್ನೂ ಹೊರುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ. ಗ್ಯಾರೇಜಿನವರು ಅದನ್ನು ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಜಾಕಿ ಕೊಡುವ ಮುಂಚೆ ಬಾಗಿಲ ಸುತ್ತಲಿನ ಸಂದು ನೋಡಿಕೊಳ್ಳಿ. ನಿಧಾನಕ್ಕೆ ಎತ್ತಿ. ಈಗ ಬಾಗಿಲು ತೆಗೆದು ಹಾಕಿ. ಮೊದಲಿನಂತೆ ಕೂತರೆ ಬೆನ್ನು ಗಟ್ಟಿ ಇದೆ. ಸಂದು ಬದಲಾಗಿ ಬಾಗಿಲು ಕಚ್ಚಿಕೊಂಡರೆ ಬಾಡಿ ಜೋಲುತ್ತಿದೆ. ಎಂಜಿನ್ ಎಷ್ಟೇ ಕೆಟ್ಟಿರಲಿ, ಅದಕ್ಕೆ ಪರಿಹಾರ ಇದೆ. ಬೆನ್ನು ಮುರಿದ ಗಾಡಿ ಮನೆ ಶೆಡ್ಡಿನ ಕೆಲಸ ಅಲ್ಲ. ಅದಕ್ಕೆ ಬಾಡಿಯನ್ನು ಅಳತೆಗೆ ಹಿಡಿದು ನಿಲ್ಲಿಸಿ ವೆಲ್ಡ್ ಮಾಡುವ ಒಳ್ಳೆಯ ಟಿಂಕರ್, ಅಂದರೆ ತಗಡು ಕೆಲಸದವರು ಬೇಕು.

ಬಾಗಿಲು ಸರಿಯಾಗಿ ಕೂತರೂ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಒಂದು ಗಂಟೆ ಕಳೆಯಿರಿ. ಮ್ಯಾಟ್ ಎತ್ತಿ ಡ್ರೈವರ್ ಕಾಲಡಿ ಚುಚ್ಚಿ. ಬ್ಯಾಟರಿ ಕೂರುವ ತಟ್ಟೆ, ಸ್ಟೆಪ್ನಿ ಇಡುವ ಜಾಗ, ಬಾಗಿಲಿನ ಕೆಳ ಅಂಚು, ಹಿಂದಿನ ಪಟ್ಟಿ ಸ್ಪ್ರಿಂಗ್ ಬಾಡಿಗೆ ಕೂರುವ ಜಾಗ. ಕೊನೆಯದನ್ನು ಮಾತ್ರ ಎರಡೆರಡು ಸಲ ನೋಡಿ. ಬಣ್ಣ ಉಬ್ಬಿದ ಕಡೆ ಬೆರಳಿಂದ ತಟ್ಟಿ. ಟಣ್ ಅಂದರೆ ತಗಡು, ದಪ್ ಅಂದರೆ ತಗ್ಗು ಮುಚ್ಚಲು ಬಳಿದ ಪುಟ್ಟಿ. ಹಿಂದೆ ಕಂದು ಬಣ್ಣ ಹೊಡೆಸಿದವರು ಎಷ್ಟು ಮುಚ್ಚಿಟ್ಟಿದ್ದಾರೆ ಅಂತ ಆಗ ತಿಳಿಯುತ್ತದೆ.

ತೂತು ಬಿದ್ದ ಕಡೆ ಕೊಳೆತ ತಗಡು ಕತ್ತರಿಸಿ ತೆಗೆದು, ಗಟ್ಟಿ ತಗಡು ಸಿಗುವವರೆಗೆ ಹೋಗಿ, ಹೊಸ ತುಂಡು ವೆಲ್ಡ್ ಮಾಡಿಸಬೇಕು. ಹಳೇ ತುಕ್ಕಿನ ಮೇಲೇ ತಗಡು ಅಂಟಿಸಿ ಪುಟ್ಟಿ ಬಳಿದರೆ ನಿಮ್ಮ ಕಡೆಯ ಎರಡು ಮಳೆಗಾಲಕ್ಕೆ ಅದು ಹೊರಗೆ ಬರುತ್ತದೆ. ವೆಲ್ಡಿಂಗ್ ಕೆಲಸಕ್ಕೆ ಮುಂಚೆ ಬ್ಯಾಟರಿ ಹೊರಗೆ, ಪೆಟ್ರೋಲ್ ಟ್ಯಾಂಕ್ ಹೊರಗೆ, ಸೀಟುಗಳು ಹೊರಗೆ. ಟ್ಯಾಂಕೇ ತೂತಾಗಿದ್ದರೆ ಮನೆಯಲ್ಲಿ ಬೆಂಕಿ ತೋರಿಸಬೇಡಿ. ವರ್ಷಗಟ್ಟಲೆ ಖಾಲಿ ಇದ್ದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ. ಬಾಂಬಿನ ಹಾಗೆ ಸಿಡಿಯುತ್ತದೆ.

ಬಾಡಿ ಪಾಸಾಯಿತು ಅಂದುಕೊಳ್ಳೋಣ. ಮೊದಲು ಬ್ರೇಕ್. ನಾಲ್ಕೂ ಕಡೆ ಡ್ರಮ್, ಒಳಗೆ ಆಯಿಲ್ ಒತ್ತಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಿಂತ ಗಾಡಿಯಲ್ಲಿ ಆ ನೀರು ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರ್, ಚಕ್ರದ ಹತ್ತಿರದ ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಮಾಡಿರುತ್ತದೆ. ಹೊಸ ರಬ್ಬರ್ ಕಪ್ ಹಾಕಿದರೂ ಆ ಗುಳಿಯಲ್ಲಿ ಆಯಿಲ್ ನುಸುಳುತ್ತದೆ. ಗುಳಿ ಉಗುರಿಗೆ ತಾಗಿದರೆ ಸಿಲಿಂಡರ್ ಬದಲಿಸಿ, ಸಿಗದಿದ್ದರೆ ಲೇತಿನಲ್ಲಿ ಒಳಗೆ ಲೋಹದ ಸ್ಲೀವ್ ಹಾಕಿಸಿ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. ಒಳಗೆ ಊದಿಕೊಂಡು ಒನ್‌ವೇ ವಾಲ್ವಿನ ಹಾಗೆ ಆಡುತ್ತವೆ: ಬ್ರೇಕ್ ಹಿಡಿಯುತ್ತದೆ, ಬಿಡುವುದಿಲ್ಲ. ರಬ್ಬರ್ ಕಪ್ಪುಗಳನ್ನು ಪೆಟ್ರೋಲ್‌ನಲ್ಲಿ ತೊಳೆಯುವ ಮೆಕ್ಯಾನಿಕ್ ಸಿಕ್ಕರೆ ಅವನ ಕೈಗೆ ಗಾಡಿ ಕೊಡಬೇಡಿ, ಅವು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಶೂ ಮೇಲಿನ ಹಳೇ ಲೈನರಿನ ಧೂಳನ್ನು ಊದಬೇಡಿ. ಆ ಕಾಲದ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕೊನೆಗೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು ಮಾಡಿ. ಪೆಡಲ್ ಒತ್ತಲು ಅಪ್ಪನನ್ನು ಕೂರಿಸಿ, ಇದು ಇಬ್ಬರ ಕೆಲಸ.

ಚಕ್ರ ಎತ್ತಿದಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲು) ಸವೆದಿದೆ ಅಥವಾ ಬೇರಿಂಗ್ ಸಡಿಲ. ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಹಳೇ ಗಟ್ಟಿ ಗ್ರೀಸ್ ಹೊರಗೆ ಬರುವ ತನಕ ಹೊಸದು ಒತ್ತಿ. ಟೈರ್ ಬಗ್ಗೆ ಯೋಚನೆಯೇ ಬೇಡ, 2009ಕ್ಕಿಂತ ಹಿಂದಿನ ಟೈರು ಗುಜರಿಗೆ.

ಈಗ ಎಂಜಿನ್. 1089 ಸಿಸಿ, ನಾಲ್ಕು ಸಿಲಿಂಡರ್, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂ. ಸರಳವಾದ, ತಾಳ್ಮೆ ಇರುವ ಎಂಜಿನ್ನು. ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ, ಮೂಸಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಾಂ ಹರಿದಿದೆ, ಪೆಟ್ರೋಲ್ ಎಂಜಿನ್ನಿಗೆ ಇಳಿದಿದೆ. ಏನೇ ಇರಲಿ, ಹಳೇ ಆಯಿಲ್ ತೆಗೆದು ಹೊಸದು ಹಾಕಿ.

ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡು ಮೂರು ಚಮಚ ಎಂಜಿನ್ ಆಯಿಲ್, ಬಿಗಿ ಅನಿಸಿದರೆ ಸ್ವಲ್ಪ ಡೀಸೆಲ್ ಬೆರೆಸಿ ಬಿಡಿ. ಪ್ಲಗ್ ಸಡಿಲವಾಗಿ ಇಟ್ಟು ಬೆಂಗಳೂರಿಗೆ ಹೋಗಿಬಿಡಿ. ಈ ಕೆಲಸಕ್ಕೆ ನಿಮ್ಮ ಎರಡು ವಾರದ ಗೈರುಹಾಜರಿಯೇ ಒಳ್ಳೆಯದು. ಬಂದ ಮೇಲೆ ನ್ಯೂಟ್ರಲ್‌ನಲ್ಲಿ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ತಿರುಗಿಸಿ. ಪದ್ಮಿನಿಯ ನಟ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು, ಅಂಬಾಸಿಡರಿನ ಹಾಗೆ ಇಂಚಿನ ಸೆಟ್ ಹುಡುಕಬೇಕಿಲ್ಲ. ಅಲ್ಲಾಡದಿದ್ದರೆ ಉದ್ದ ಪೈಪ್ ಹಾಕಿ ಜಗ್ಗಬೇಡಿ. ಮತ್ತೆ ಆಯಿಲ್ ಬಿಡಿ, ಮತ್ತೆ ಎರಡು ವಾರ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತಾ ಹೋದರೆ ಹೆಚ್ಚಿನವು ಬಿಡುತ್ತವೆ. ತಿರುಗುವಾಗ ಮೇಲಿನ ವಾಲ್ವ್ ಕವರ್ ತೆಗೆದಿರಲಿ. ಎಂಟೂ ವಾಲ್ವ್ ಏರಿ ಇಳಿಯುತ್ತಿವೆಯಾ ನೋಡಿ. ಒಂದು ಕೆಳಗೇ ಸಿಕ್ಕಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಹೆಡ್ ಇಳಿಸಬೇಕು.

ಹಳೇ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಅದನ್ನು ಪೂರ್ತಿ ಬಸಿಯಿರಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಟ್ಯಾಂಕನ್ನು ಲೆಕ್ಕಕ್ಕೇ ಇಡಬೇಡಿ. ಬಯಲಿನಲ್ಲಿ, ಸಣ್ಣ ಬಾಟಲಿಯಿಂದ ಪೈಪ್ ಹಾಕಿ ಸೀದಾ ಕಾರ್ಬ್ಯುರೇಟರಿಗೆ ಹೊಸ ಪೆಟ್ರೋಲ್ ಕೊಡಿ. ಹಳ್ಳಿ ಮೆಕ್ಯಾನಿಕ್‌ಗಳು ಇದಕ್ಕೆ ಸಲೈನ್ ಬಾಟಲಿ ನೇತುಹಾಕುತ್ತಾರೆ, ತಮಾಷೆಯಾಗಿ ಕಂಡರೂ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಕಾರ್ಬ್ಯುರೇಟರಿನ ಜೆಟ್ಟನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ. ಪಿನ್ನು ತೂರಿಸಿದರೆ ತೂತು ದೊಡ್ಡದಾಗಿ, ಗಾಡಿ ಜನ್ಮಪೂರ್ತಿ ಪೆಟ್ರೋಲ್ ಕುಡಿಯುತ್ತದೆ. ಅಜ್ಜನ ಕಾಲದ ಪೆಟ್ರೋಲ್ ಬೇರೆ, ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ಹಳೇ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರುತ್ತದೆ. ಪೈಪು, ಡಯಾಫ್ರಾಂ, ವಾಷರ್ ಎಲ್ಲ ಎಥನಾಲ್ ತಡೆಯುವವೇ ಬೇಕು ಅಂತ ಕೇಳಿ ತನ್ನಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮುಂಚೆ ಕಾರ್ಬ್ಯುರೇಟರ್ ಖಾಲಿ ಮಾಡಿ.

ಬ್ಯಾಟರಿ ಜೋಡಿಸುವ ಮುಂಚೆ ಒಂದು ಸಣ್ಣ ಉಪಾಯ. ಇಲಿ ವೈರಿಂಗ್ ಕಡಿದಿರುವುದು ಬಹುತೇಕ ಖಚಿತ. ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ಸೀದಾ ಹಾಕದೆ ಮಧ್ಯೆ ಒಂದು 12 ವೋಲ್ಟಿನ ಬಲ್ಬ್ ಕೊಡಿ. ಬಲ್ಬ್ ಹತ್ತಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಆರುವ ತನಕ ಒಂದೊಂದೇ ವೈರ್ ಬಿಡಿಸುತ್ತಾ ಹೋಗಿ. ಇಲ್ಲದಿದ್ದರೆ ಬಲ್ಬಿನ ಬದಲು ಇಡೀ ವೈರಿಂಗ್ ಹೊತ್ತಿಕೊಳ್ಳುತ್ತದೆ.

ಇಷ್ಟಾದ ಮೇಲೆ ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು, ಆಯಿಲ್ ಒತ್ತಡದ ದೀಪ ಆರುವ ತನಕ ತಿರುಗಿಸಿ. ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಸಿಕ್ಕರೆ ಅಳೆಯಿರಿ. ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಬರಬೇಕು. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ದೋಷ, ಏರದಿದ್ದರೆ ವಾಲ್ವ್. ಪ್ಲಗ್ ಮತ್ತೆ ಹಾಕಿ, ಕಿಡಿ ಹೊರಡಿಸುವ ಪಾಯಿಂಟ್ ಉಜ್ಜಿ, ಅದರ ಜೊತೆಗಿನ ಕಂಡೆನ್ಸರ್ ಹೊಸದು ಹಾಕಿ, ಪ್ಲಗ್ ವೈರುಗಳನ್ನು ಸಿಲಿಂಡರ್ ಉರಿಯುವ 1-3-4-2 ಕ್ರಮದಲ್ಲಿ ಕೂರಿಸಿ. ಈಗ ಸ್ಟಾರ್ಟ್ ಮಾಡಿ. ಅದಕ್ಕೂ ಮುಂಚೆ ರೇಡಿಯೇಟರಿಗೆ ಬರೀ ನಲ್ಲಿ ನೀರು ಬೇಡ, ಕೂಲಂಟ್ ಹಾಕಿ. ಅಲ್ಯೂಮಿನಿಯಂ ಹೆಡ್ಡನ್ನು ನೀರು ಒಳಗಿಂದ ತಿನ್ನುತ್ತದೆ, ಒಂದು ಸಲ ಜಾಸ್ತಿ ಕಾದರೆ ಹೆಡ್ ಬಾಗುತ್ತದೆ.

ಬಿಡಿಭಾಗಗಳಿಗೆ ಹೆದರಬೇಡಿ. ಇಟಲಿಯ ಫಿಯಟ್ 1100ರ ಈ ರೂಪ ಮುಂಬೈಯ ಕುರ್ಲಾದಲ್ಲಿ 1964ರಿಂದಲೇ ತಯಾರಾಗುತ್ತಿತ್ತು. 1974ರಲ್ಲಿ ಪದ್ಮಿನಿ ಅನ್ನುವ ಹೆಸರು ಬಂತು, ಶತಮಾನ ಮುಗಿಯುವ ತನಕ ಓಡಿತು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು ಇವೇ ಅಲ್ವಾ? ಅವುಗಳ ಕೊನೆಯ ದಿನ ಬಂದದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿಯ ತನಕ ಭಾಗಗಳಿಗೆ ಬೇಡಿಕೆ ಇತ್ತು, ಆದ್ದರಿಂದ ಎಂಜಿನ್ನು, ಬ್ರೇಕಿನ ಸಾಮಾನು ಇನ್ನೂ ಸಿಗುತ್ತದೆ. ನೀವು ಬೆಂಗಳೂರಿನಲ್ಲೇ ಇದ್ದೀರಿ, ಜೆ.ಸಿ. ರಸ್ತೆ ಅಂಗಡಿಗಳಲ್ಲಿ ಹಳೇ ಭಾಗ ಕೈಯಲ್ಲಿ ಹಿಡಿದು ಹೋಗಿ ಕೇಳಿ. ಹೆಸರು ಹೇಳಿ ತಂದ ಭಾಗ ಅರ್ಧ ಸಲ ಕೂರುವುದಿಲ್ಲ. ನಿಜಕ್ಕೂ ಸಿಗದಿರುವುದು ಕ್ರೋಮ್ ಪಟ್ಟಿ, ಗ್ರಿಲ್, ಗಾಜು, ಬಾಗಿಲ ಹಿಡಿ. ಎಷ್ಟೇ ಸೊಟ್ಟಗಿದ್ದರೂ ಅವನ್ನು ಎಸೆಯಬೇಡಿ. ಅಂದಹಾಗೆ, 1930ರ ದಶಕದಲ್ಲಿ ಕಾರಿನ ಕಾರ್ಖಾನೆಯನ್ನು ನಮ್ಮ ಮೈಸೂರು ಸಂಸ್ಥಾನದಲ್ಲೇ ಮಾಡಬೇಕು ಅಂತ ವಿಶ್ವೇಶ್ವರಯ್ಯನವರು ಬಹಳ ಓಡಾಡಿದ್ದರು, ಪ್ರೀಮಿಯರ್ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗಿದ್ದರು. ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಬಿಟ್ಟಿದ್ದರೆ ಅಜ್ಜನ ಗಾಡಿ ಕುರ್ಲಾದಿಂದ ಬರಬೇಕಿರಲಿಲ್ಲವೇನೋ.

ಬಣ್ಣದ ಪ್ರಶ್ನೆ ಉಳಿಯಿತು. ಹೊಡೆಸುವುದು ಎಲ್ಲಕ್ಕಿಂತ ಕೊನೆಗೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ. ಮಳೆಗಾಲದಲ್ಲಿ ಹೊಡೆದ ಬಣ್ಣದ ಅಡಿಯಲ್ಲಿ ತೇವ ಕೂತು ಗುಳ್ಳೆ ಏಳುತ್ತದೆ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬರೆಸಬೇಕು. ಪತ್ತೆ ಮಾತ್ರ ಇವತ್ತೇ ಮಾಡಬಹುದು. ಬಣ್ಣ ಹೊಡೆಯುವವರು ಕಣ್ಣಿಗೆ ಕಾಣದ ಕಡೆ ಕೈ ಹಾಕುವುದಿಲ್ಲ. ಹಿಂದಿನ ಸೀಟು ಎತ್ತಿ ಅದರಡಿ ನೋಡಿ. ಬಾಗಿಲಿನ ಒಳ ರಟ್ಟು ಬಿಚ್ಚಿ ತಗಡಿನ ಒಳಮೈ ನೋಡಿ. ಡಿಕ್ಕಿಯ ರಬ್ಬರ್ ಎಳೆದು ಅದು ಕೂತಿದ್ದ ಅಂಚನ್ನು ಉಗುರಿನಿಂದ ಕೆರೆಯಿರಿ. ಮೂರೂ ಕಡೆ ಒಂದೇ ಬಣ್ಣ ಕಂಡರೆ ಅದೇ ಕಾರ್ಖಾನೆಯಿಂದ ಬಂದದ್ದು. ಆ ಜಾಗದ ಫೋಟೋ ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ, ಪೇಂಟ್ ಅಂಗಡಿಯಲ್ಲಿ ಬೆರೆಸುವಾಗ ಬೇಕಾಗುತ್ತದೆ. ಅಪ್ಪ ಗೆದ್ದರಾ ಅತ್ತೆ ಗೆದ್ದರಾ ಅಂತ ನನಗೂ ಒಂದು ಸಾಲು ಬರೆಯಿರಿ. ನಾನಂತೂ ಅತ್ತೆಯ ಕಡೆ.